ಅಪ್ಪನ ಅಕ್ಷರ

ಸೆಪ್ಟೆಂಬರ್ 5, 1853. ಸೋಮವಾರ, ಬೆಳಿಗ್ಗೆ

ಭಾಷಣದ ಮೂರನೆಯ ನಕಲು. ಬೆರಳಿಗೆಲ್ಲ ಶಾಯಿ. ಅಪ್ಪನ ಬಲಗೈ ನಡುಗಲು ಶುರುವಾಗಿ ಎರಡು ವರ್ಷ. ಅಂದಿನಿಂದ ಅವರ ಕೈ ನಾನೇ. ಪತ್ರ, ಕರಾರು, ಆಳುಗಳು ಹೊಲ ಬಿಟ್ಟು ಹೊರಗೆ ಹೋಗಲು ಬೇಕಾದ ರಹದಾರಿ ಚೀಟಿ, ಕೊನೆಗೆ ಸಹಿ ಕೂಡ. ಎಲ್ಲವೂ ಅಪ್ಪನ ಅಕ್ಷರದಲ್ಲಿ, ಬಾಲ ಸುಳಿಸಿದ ಅದೇ ಅಪ್ಪನ ಸಹಿಯಲ್ಲಿ. ಹೊರಗೆ ಯಾರಿಗೂ ತಿಳಿಯಬಾರದು. ವಾಷಿಂಗ್‌ಟನ್ನಿನ ಕಾಂಗ್ರೆಸ್ ಸಭೆಯ ಚುನಾವಣೆಗೆ ನಿಂತ ಕರ್ನಲ್ ಹಾರ್ಬಿನ್ನರ ಕೈ ನಡುಗುತ್ತದೆ ಎಂದರೆ ಜಾರ್ಜಿಯದಲ್ಲಿ ಯಾರು ಮತ ಹಾಕುತ್ತಾರೆ?

‘ಸ್ವಾತಂತ್ರ್ಯ’ ಹನ್ನೊಂದು ಸಲ ಬಂದಿದೆ. ಎಣಿಸಿದೆ. ‘ನನ್ನ ಹೊಲದಲ್ಲಿರುವುದು ಗುಲಾಮರಲ್ಲ, ನನ್ನ ಕುಟುಂಬ; ಬಿಳಿಯರೂ ಕರಿಯರೂ ಸೇರಿ ನೂರ ನಲವತ್ತು ಜೀವಗಳಿಗೆ ನಾನೊಬ್ಬನೇ ತಂದೆ.’ ಈ ವಾಕ್ಯ ನನ್ನದು. ಅಪ್ಪ ಒರಟಾಗಿ ಹೇಳಿದ್ದನ್ನು ನಾನು ನಯಗೊಳಿಸಿದ್ದು. ಗಟ್ಟಿಯಾಗಿ ಓದಿಸಿ ಮೆಚ್ಚಿಕೊಂಡರು.

ಓದುವಾಗ ಕೆಜಿಯಾ ಕಿಟಕಿಯ ಬಳಿ ನನ್ನ ಹಸಿರು ರೇಷ್ಮೆ ಅಂಗಿಯ ಅಂಚು ಹೊಲಿಯುತ್ತಿದ್ದಳು. ಆ ವಾಕ್ಯ ಬಂದಾಗ ಸೂಜಿ ನಿಂತಿತು. ತಲೆ ಮಾತ್ರ ಎತ್ತಲಿಲ್ಲ. ನನ್ನ ಹತ್ತನೇ ಹುಟ್ಟುಹಬ್ಬಕ್ಕೆ ಅಪ್ಪ ಕೊಟ್ಟ ಉಡುಗೊರೆ ಕೆಜಿಯಾ. ಆಗ ಅವಳಿಗೆ ಹನ್ನೆರಡು. ತಲೆಗೆ ಹಳದಿ ರಿಬ್ಬನ್ನು ಕಟ್ಟಿ ನಿಲ್ಲಿಸಿದ್ದರು. ಕುಣಿದಾಡಿದ್ದೆ ನಾನು.

ನಾಲ್ಕನೆಯ ನಕಲು ಮಧ್ಯಾಹ್ನದೊಳಗೆ ಆಗಬೇಕಂತೆ. ಒಂದು ಒಳ್ಳೆಯ ಮಾತಿಲ್ಲ. ಶಾಯಿ ಚೆಲ್ಲಿದರೆ ಮಾತ್ರ ನಾನು ಇರುವುದು ಗೊತ್ತಾಗುತ್ತದೆ.

ಸೆಪ್ಟೆಂಬರ್ 8. ಗುರುವಾರ

ಅಪ್ಪ ಪೇಟೆಯಲ್ಲಿ ಭಾಷಣ ಮುಗಿಸಿ ಬಂದವರೇ ಟೋಪಿಯನ್ನು ನಾಯಿಯ ಮೇಲೆ ಎಸೆದರು. ಎದುರಾಳಿ ಜಡ್ಜ್ ಮೇಬ್ರಿ ಕೋರ್ಟಿನ ಮೆಟ್ಟಿಲ ಮೇಲೆ ನಿಂತು ಹೇಳಿದನಂತೆ: “ಕರ್ನಲ್ ಸಾಹೇಬ್ರು ಎಲ್ರಿಗೂ ತಂದೆ ಅಂತಾರೆ. ಪಾಪ, ಸುಳ್ಳು ಹೇಳೋ ಮನುಷ್ಯ ಅಲ್ಲ ಅವ್ರು. ನಂಬಿಕೆ ಬರ್ಲಿಲ್ಲ ಅಂದ್ರೆ ಅವ್ರ ಅಡುಗೆಮನೆಗೆ ಹೋಗಿ ಕಣ್ಣುಗಳ ಬಣ್ಣ ನೋಡ್ಕೊಂಡು ಬನ್ನಿ!” ಜನ ಹೊಟ್ಟೆ ಹಿಡಿದುಕೊಂಡು ನಕ್ಕರಂತೆ.

ನನ್ನ ವಾಕ್ಯ. ನನ್ನ ವಾಕ್ಯದಿಂದಲೇ ನಕ್ಕರು.

ಊಟದ ಹೊತ್ತಿಗೆ ತೀರ್ಮಾನವಾಗಿತ್ತು. ಹತ್ತೊಂಬತ್ತನೇ ತಾರೀಖಿಗೆ ಆಳುಗಳನ್ನು ಕೊಳ್ಳುವ ವ್ಯಾಪಾರಿ ಬರುತ್ತಾನೆ. ಕೆಜಿಯಾ ಟೆಕ್ಸಸ್ಸಿಗೆ. ಅಪ್ಪ ಮಾಂಸ ಕತ್ತರಿಸುತ್ತಲೇ ಹೇಳಿದರು, ಹತ್ತಿಯ ಧಾರಣೆ ಹೇಳಿದ ಹಾಗೆ. ಅವಳ ತಾಯಿ ಡಾರ್ಕಸ್ ಅದೇ ಹೊತ್ತಿಗೆ ಜೋಳದ ರೊಟ್ಟಿ ತಂದು ಮೇಜಿನ ಮೇಲಿಟ್ಟಳು. ಕೇಳಿಸಿಕೊಂಡಳು. ತಟ್ಟೆ ಸದ್ದಾಗಲಿಲ್ಲ. ಅಷ್ಟು ಮೆಲ್ಲಗೆ ಇಟ್ಟಳು.

ಅಮ್ಮನ ಕೋಣೆಗೆ ಹೋದೆ. ಅವಳನ್ನು ಮಾರಬೇಡಿ ಎಂದು ಅಪ್ಪನಿಗೆ ಹೇಳು ಎಂದೆ. ಅಮ್ಮ ಕನ್ನಡಿಯಲ್ಲೇ ನನ್ನನ್ನು ನೋಡಿ ಹೇಳಿದರು:

“ಇಪ್ಪತ್ತೊಂದು ವರ್ಷ, ಡೋಷಿ. ದಿನಾ ಬೆಳಿಗ್ಗೆ ನಿಮ್ಮಪ್ಪನ ಕಣ್ಣು ನನಗೆ ಕಾಫಿ ತಂದುಕೊಡುತ್ತೆ. ಹೋಗ್ಲಿ ಬಿಡು. ನನ್ನ ಪಾಲಿಗೆ ಅವಳು ಸತ್ತ ಹಾಗೆ.”

“ಅವಳೇನು ಮಾಡಿದಳಮ್ಮ?”

“ಹುಟ್ಟಿದಳು.”

ಅಮ್ಮನ ಮೇಲೆ ಕನಿಕರ ಬರಬೇಕಿತ್ತು. ಬರಲಿಲ್ಲ. ತೊತ್ತಿನ ಮಗಳ ಮೇಲೆ ಮುಯ್ಯಿ ತೀರಿಸಿಕೊಳ್ಳುವ ಹೆಂಗಸು ಗಂಡನಿಗೆ ಮೂರು ಹೊತ್ತು ಊಟ ಬಡಿಸುತ್ತಾಳೆ!

ಸೆಪ್ಟೆಂಬರ್ 9

ಅಪ್ಪನ ಜೊತೆ ಜಗಳ. ‘ಅವಳು ನನ್ನವಳು, ನೀವೇ ಕೊಟ್ಟದ್ದು, ಕೊಟ್ಟದ್ದನ್ನು ಕಿತ್ತುಕೊಳ್ಳುತ್ತಾರೆಯೇ’ ಎಂದೆ. ಅಪ್ಪ ನಕ್ಕುಬಿಟ್ಟರು. “ಕೊಟ್ಟೆ ಅಂತ ಹೇಳಿದ್ದು ಬಾಯಲ್ಲಿ ಮಗಳೇ. ಕಾಗದ ಇನ್ನೂ ನನ್ನ ಹೆಸರಲ್ಲೇ ಇದೆ. ಇನ್ನೊಬ್ಬಳನ್ನ ಕೊಡ್ತೀನಿ ಬಿಡು, ಚೆನ್ನಾಗಿ ಹೊಲಿಯೋಳನ್ನೇ ನೋಡಿ.”

ಮೇಲೆ ಬಂದು ಕೂತ ಮೇಲೆ ಹೊಳೆಯಿತು — ಇಡೀ ಜಗಳದಲ್ಲಿ ನಾನು ಆಡಿದ್ದು ಒಂದೇ ಮಾತು. ನನ್ನದು, ನನ್ನದು, ನನ್ನದು. ಗೊಂಬೆ ಕಳೆದುಕೊಂಡ ಕೂಸಿನ ಹಾಗೆ. ‘ಅವಳು ನಿಮ್ಮ ಮಗಳು’ ಎನ್ನಲಿಲ್ಲ. ಎಂದಿನಿಂದ ಗೊತ್ತಿತ್ತು ನನಗೆ? ಎಂದಿನಿಂದಲೂ. ಗೊತ್ತಿದ್ದೂ ಗೊತ್ತಿಲ್ಲದವಳ ಹಾಗೆ ಬೆಳೆದೆ. ಈ ಮನೆಯಲ್ಲಿ ಹೆಣ್ಣುಮಕ್ಕಳಿಗೆ ಪಿಯಾನೋಗಿಂತ ಮೊದಲು ಕಲಿಸುವ ವಿದ್ಯೆ ಅದು.

ಸೆಪ್ಟೆಂಬರ್ 13. ಮಂಗಳವಾರ

ನಿನ್ನೆ ನಡೆದದ್ದನ್ನು ಬರೆಯಬೇಕು. ಬರೆಯುವುದು ಅಪಾಯ. ಆದರೂ.

ಅಂಗಿ ತೊಟ್ಟು ನೋಡುವ ನೆಪ. ಬಾಗಿಲು ಹಾಕಿ ಕೆಜಿಯಾ ಬಾಯಿಯಲ್ಲಿ ಗುಂಡುಸೂಜಿ ಕಚ್ಚಿಕೊಂಡು ಅಂಚು ಮಡಿಸತೊಡಗಿದಳು. ನಾನು ಅಳಲು ಶುರುಮಾಡಿದೆ. ಸೂಜಿಗಳನ್ನು ತೆಗೆದಿಟ್ಟಳು.

“ಅಳೋದು ಆಮೇಲೆ ಅಳಿ ಸಣ್ಣಮ್ಮಾವ್ರೇ. ಮೊದಲು ಒಂದು ಚೀಟಿ ಬರೀರಿ.”

ಎಲ್ಲ ಯೋಚಿಸಿಟ್ಟಿದ್ದಳು. ಅಪ್ಪ ಶುಕ್ರವಾರದಿಂದ ಮೂರು ಊರು ಭಾಷಣಕ್ಕೆ ಹೋಗುತ್ತಾರೆ. ಸವಾನಾದಲ್ಲಿ ನಮ್ಮ ಸೋದರತ್ತೆ ಕಾಯಿಲೆ ಬಿದ್ದಿದ್ದಾರೆ, ಆರೈಕೆಗೆ ಕಳಿಸಿದೆ ಎಂದು ಚೀಟಿ. ಮೇಕನ್‌ನಿಂದ ರೈಲು. ಅಲ್ಲಿಂದ ಮುಂದೆ? “ಅದು ನಿಮಗೆ ಬೇಡ. ಗೊತ್ತಿಲ್ಲದ್ದನ್ನ ಯಾರೂ ಬಾಯಿಬಿಡಿಸೋಕಾಗಲ್ಲ.”

ಬರೆದೆ. ಅವಳು ನನ್ನ ಭುಜದ ಮೇಲಿಂದ ನೋಡಿ ಬೆರಳಿಟ್ಟಳು. “ಧಣಿ ಹೀಗೆ ಬರೆಸಲ್ಲ. ‘ದಯವಿಟ್ಟು’ ಅಂತ ಅವ್ರು ಯಾರಿಗೆ ಹೇಳಿದಾರೆ? ತೆಗೀರಿ.”

“ನಿನಗೆ ಓದೋಕೆ ಬರುತ್ತಾ?”

“ನಿಮಗೆ ಮೇಷ್ಟ್ರು ಪಾಠ ಹೇಳುವಾಗ ನಾನು ಬೀಸಣಿಗೆ ಬೀಸ್ತಾ ನಿಂತಿರ್ತಿದ್ನಲ್ಲ, ಕಣ್ಣು ಮುಚ್ಕೊಂಡಿರ್ತೀನಿ ಅಂದ್ಕೊಂಡ್ರಾ?”

ಎರಡನೆಯ ಚೀಟಿ ಸರಿಯಾಯಿತು. ಮಡಿಸಿ ಒಳಗಿಟ್ಟುಕೊಂಡಳು. ಎದೆ ತುಂಬಿ ಬಂದು ‘ಅಕ್ಕಾ’ ಎಂದುಬಿಟ್ಟೆ. ಕೈ ಹಿಡಿಯಲು ಹೋದೆ. ಹಿಂದೆ ಸರಿದಳು.

“ಆ ಮಾತು ಬೇಡ. ಒಂಬತ್ತು ವರ್ಷ ನಿಮ್ಮ ಕಾಲು ತೊಳೆದೆ, ಒಂದಿನ ಹೇಳಿದ್ರಾ? ಈಗ ಹೇಳಿದ್ರೆ ನಿಮ್ಮ ಎದೆ ಹಗುರಾಗುತ್ತೆ. ನನಗೇನಾಗುತ್ತೆ?”

ಚಾಚಿದ ಕೈಯನ್ನು ಹಿಂದೆ ತೆಗೆದುಕೊಂಡೆ.

“ಹೋದ ಮೇಲೆ ಹತ್ತು ದಿನ ಬಾಯಿ ಹೊಲ್ಕೊಂಡಿರಿ. ಅಷ್ಟು ಮಾಡಿ ಸಾಕು.” ಮತ್ತೆ ಸೂಜಿ ಕಚ್ಚಿಕೊಂಡು ಅಂಚು ಮಡಿಸಿದಳು. ಒಂದು ಹೊಲಿಗೆಯೂ ಸೊಟ್ಟಗಿರಲಿಲ್ಲ.

ಸೆಪ್ಟೆಂಬರ್ 17. ಶನಿವಾರ

ಹೋದಳು. ನಿನ್ನೆ ಬೆಳಿಗ್ಗೆ, ಅಪ್ಪನ ಗಾಡಿ ಹೊರಟ ಒಂದು ಗಂಟೆಗೆ. ಹೊಸ ಅಂಗಿ ಕೊಡುತ್ತೇನೆಂದರೆ ಬೇಡವೆಂದಳು. ಅಮ್ಮನ ಕಾಫಿ ಇವತ್ತು ಬೇರೆ ಯಾರೋ ತಂದರು. ಅಮ್ಮ ಏನೂ ಕೇಳಲಿಲ್ಲ.

ಸೆಪ್ಟೆಂಬರ್ 20. ಮಂಗಳವಾರ

ವ್ಯಾಪಾರಿ ನಿನ್ನೆ ಬಂದು ಬರಿಗೈಯಲ್ಲಿ ಹೋದ. ಅಪ್ಪ ಕೂಗಾಡಲಿಲ್ಲ. ಅದೇ ವಿಚಿತ್ರ. ಇವತ್ತು ತಿಂಡಿಯಾದ ಮೇಲೆ ನನ್ನನ್ನೇ ಕರೆದರು. ಪತ್ರಿಕೆಗೆ ಜಾಹೀರಾತು ಬರೆಯಬೇಕಂತೆ. ಓಡಿಹೋದವಳ ಗುರುತು.

ನನ್ನಿಂದಲೇ ಬರೆಸಿದರು!

“ಬರಿ. ಓಡಿಹೋಗಿದ್ದಾಳೆ, ಕೆಜಿಯಾ ಎಂಬ ಹೆಣ್ಣಾಳು. ವಯಸ್ಸು ಇಪ್ಪತ್ತರ ಆಸುಪಾಸು. ಮಧ್ಯಮ ಎತ್ತರ. ಹೊಲಿಗೆ ಬಲ್ಲಳು.” ಕಿಟಕಿಯತ್ತ ತಿರುಗಿ ನಿಂತರು. “ಹಲ್ಲು ಚೆನ್ನಾಗಿವೆ.”

“ಕಣ್ಣು?” ಎಂದೆ. ಬೇಕೆಂದೇ ಕೇಳಿದೆ.

ಗಡಿಯಾರದ ಸದ್ದು. ಹೊಲದ ಕಡೆಯಿಂದ ಹತ್ತಿ ಬಿಡಿಸುವವರ ಹಾಡು.

“ಕಣ್ಣು ಬೇಡ.”

“ಬಣ್ಣ ಹೇಳದಿದ್ದರೆ ಗುರುತು ಹೇಗೆ ಹಿಡೀತಾರೆ ಅಪ್ಪ?”

“ಬೇಡ ಅಂದೆ.” ಅಪ್ಪ ತಿರುಗಿ ನನ್ನನ್ನು ನೋಡಿದರು. ಬೂದು ಬಣ್ಣದ ಆ ಕಣ್ಣುಗಳು ನನಗೆ ಬಂದಿಲ್ಲ. ನನ್ನವು ಅಮ್ಮನ ಹಾಗೆ ಕಂದು. ಬಂದದ್ದು ಅವಳಿಗೆ. “ಸಹಿ ಹಾಕು.”

ಹಾಕಿದೆ. ಬಾಲ ಸುಳಿಸಿ ಹಾಕಿದೆ.

ಸೆಪ್ಟೆಂಬರ್ 22

ಸೇತುವೆಯ ಗಸ್ತಿನವನು ಬಂದು ಹೇಳಿದ: ಶುಕ್ರವಾರ ಒಬ್ಬಳು ಚೀಟಿ ತೋರಿಸಿ ದಾಟಿದಳು, ಚೀಟಿ ಕರ್ನಲರದೇ ಅಕ್ಷರ. ಎಲ್ಲಿಗೆ ಎಂದು ಬರೆದಿತ್ತು? ಅವನಿಗೆ ಓದಲು ಬಾರದು. ಸಹಿಯ ಬಾಲ ಮಾತ್ರ ಗುರುತು.

ಹಜಾರದಲ್ಲಿ ಹತ್ತು ಜನ ಇದ್ದರು. ಅಪ್ಪ ನನ್ನತ್ತ ನೋಡಲೇ ಇಲ್ಲ. ನೇರ ಕಮ್ಮಾರಸಾಲೆಗೆ ನಡೆದರು. ಕಮ್ಮಾರ ಪ್ರೈಮಸ್ ಡಾರ್ಕಸಳ ತಮ್ಮ, ಕೆಜಿಯಾಳ ಸೋದರಮಾವ. ಹುಡುಕಿದಾಗ ಇದ್ದಿಲ ಬುಟ್ಟಿಯಲ್ಲಿ ಹರಿದ ಕಾಗುಣಿತದ ಪುಸ್ತಕ ಸಿಕ್ಕಿತು. ಅಷ್ಟು ಸಾಕಾಯಿತು: ಓದು ಕದ್ದು ಕಲಿತ ಆಳು, ಕಳ್ಳಸಹಿ ಹಾಕಿ ಚೀಟಿ ಬರೆದವನು ಇವನೇ ಎಂದರು. ಮೂವತ್ತೊಂಬತ್ತು ಏಟು. ಹತ್ತಿಯ ಬೀಜ ತೆಗೆಯುವ ಯಂತ್ರವಿರುವ ಜಿನ್ನಿನ ಮನೆಯಲ್ಲಿ ಕೂಡಿಹಾಕಿ ಬೀಗ. ಅಕ್ಟೋಬರ್ ಒಂದಕ್ಕೆ ವ್ಯಾಪಾರಿ ಮತ್ತೆ ಬಂದು ಅವನನ್ನು ಒಯ್ಯುತ್ತಾನೆ.

ಏಟುಗಳನ್ನು ಎಣಿಸಿದೆ. ಎಣಿಸುವುದೊಂದೇ ನನಗೆ ಗೊತ್ತಿರುವುದು.

ಸೆಪ್ಟೆಂಬರ್ 23

ಮಧ್ಯಾಹ್ನ ಎಲ್ಲರೂ ಮಲಗಿದ್ದಾಗ ಜಿನ್ನಿನ ಮನೆಯ ಹಲಗೆ ಸಂದಿಯಲ್ಲಿ ಕರೆದೆ. ನಾನೇ ಬರೆದದ್ದು, ಹೇಳಿಬಿಡುತ್ತೇನೆ ಎಂದೆ. ಒಳಗೆ ಪ್ರೈಮಸ್ ಬೋರಲಾಗಿ ಮಲಗಿದ್ದ.

“ಎಲ್ಲಿಗೆ ಅಂತ ಬರೆದ್ರಿ ಅಂತ ಕೇಳ್ತಾರಲ್ಲ, ಏನಂತೀರಿ?”

“ಹೇಳಲ್ಲ.”

“ನಿಮಗೆ ಒಂದು ಕೆನ್ನೆಗೆ ಬಿದ್ರೆ ಹೇಳಿಬಿಡ್ತೀರಿ ತಾಯಿ. ಬೇಜಾರು ಮಾಡ್ಕೋಬೇಡಿ, ನಿಮಗೆ ಅಭ್ಯಾಸ ಇಲ್ಲ.” ಸಂದಿಯತ್ತ ಮುಖ ತಿರುಗಿಸಿದ. “ಅವಳು ಎಷ್ಟು ದಿನ ಅಂದ್ಲು?”

“ಹತ್ತು.”

“ಇನ್ನು ಮೂರು ಇದೆ. ಬಾಯಿ ಮುಚ್ಕೊಂಡು ಮನೆಗೋಗಿ.”

ಸೆಪ್ಟೆಂಬರ್ 27. ಮಂಗಳವಾರ

ಹತ್ತು ದಿನ ನಿನ್ನೆಗೆ ಮುಗಿಯಿತು. ಇವತ್ತು ಬೆಳಿಗ್ಗೆ ಅಪ್ಪನ ಮುಂದೆ ನಿಂತು ಹೇಳಿದೆ. ಚೀಟಿ ಬರೆದವಳು ನಾನು, ಪ್ರೈಮಸ್ ಅಲ್ಲ.

ಪತ್ರಿಕೆ ಮಡಿಸಿಟ್ಟರು. “ಗೊತ್ತು.”

“ಗೊತ್ತು?”

“ನನ್ನ ಸಹಿ ಮಾಡೋರು ಈ ಭೂಮಿ ಮೇಲೆ ಒಬ್ಬಳೇ ಇರೋದು ಡೋಷಿ. ಗಸ್ತಿನವನು ಬಾಯಿ ತೆಗೆದ ಕ್ಷಣವೇ ಗೊತ್ತಾಯ್ತು. ಅದಕ್ಕೂ ಮೊದಲೇ ಗುಮಾನಿ ಇತ್ತು.”

“ಮತ್ತೆ ಪ್ರೈಮಸ್‌ಗೆ ಹೊಡೆಸಿದ್ದು?”

“ಯಾರಿಗೋ ಹೊಡೆಸಲೇಬೇಕಿತ್ತಲ್ಲ. ಹತ್ತು ಜನ ಕೇಳಿಸ್ಕೊಂಡಿದ್ರು.”

“ಕೆಜಿಯಾನ ಹುಡುಕಿಸ್ತಿಲ್ವಾ?”

“ಯಾಕೆ ಹುಡುಕಿಸಲಿ? ಹೋದಳು, ಒಳ್ಳೇದಾಯ್ತು. ಆ ಜಾಹೀರಾತು ನೋಡಿ ಯಾರು ಯಾರನ್ನ ಹಿಡೀತಾರೆ ಹೇಳು. ಮೇಬ್ರಿ ಬಾಯಿಗೆ ಬೀಗ ಬಿತ್ತು. ಟೆಕ್ಸಸ್‌ನಿಂದ ಬರಬೇಕಾಗಿದ್ದ ಹಣ ಹೋಯ್ತು, ಅದನ್ನ ಪ್ರೈಮಸ್ ತುಂಬಿಕೊಡ್ತಾನೆ.”

ಅಂದರೆ ನಾನು ಹಲ್ಲು ಕಚ್ಚಿ ಕಾದ ಹತ್ತು ದಿನ? ಹಲಗೆಯ ಹಿಂದೆ ಬೆನ್ನು ಸೀಳಿಸಿಕೊಂಡು ಅವನು ಕಾದದ್ದು? ಯಾರೂ ಬೆನ್ನಟ್ಟಿರಲೇ ಇಲ್ಲ. ಯಾರೂ! ಒಬ್ಬ ಮಗಳನ್ನು ಅಳಿಸಿಹಾಕಿದರು, ಇನ್ನೊಬ್ಬ ಮಗಳ ಕೈಯಿಂದ ಅದನ್ನು ಬರೆಸಿದರು, ಖರ್ಚಿನ ಲೆಕ್ಕ ಮಾತ್ರ ಕಮ್ಮಾರನ ಬೆನ್ನಿನ ಮೇಲೆ ಹಾಕಿದರು. ‘ಎಲ್ಲರಿಗೂ ತಂದೆ.’ ನಾನು ನಯಗೊಳಿಸಿ ಬರೆದುಕೊಟ್ಟ ಮಾತು.

ಅವನನ್ನು ಮಾರಬೇಡಿ ಎಂದೆ. ಕಾಲು ಹಿಡಿದೆ. ನಿಜ ಹೇಳಿಬಿಡಿ ಎಂದೆ.

“ಸೋಮವಾರ ಚುನಾವಣೆ. ಕರ್ನಲ್ ಹಾರ್ಬಿನ್ ಮಗಳೇ ಗುಲಾಮರನ್ನ ಓಡಿಸ್ತಾಳೆ, ಕರ್ನಲ್‌ಗೆ ಸಹಿ ಹಾಕೋಕೂ ಬರಲ್ಲ ಅಂತ ಊರಿಗೆಲ್ಲ ಸಾರಬೇಕಾ? ನಿನಗೆ ನರದ ದೌರ್ಬಲ್ಯ. ಮಲಗು ಹೋಗು. ಶನಿವಾರದ ಔತಣಕ್ಕೆ ಹಸಿರು ರೇಷ್ಮೆ ತೊಟ್ಕೊ.”

ಅಕ್ಟೋಬರ್ 2. ಭಾನುವಾರ

ನಿನ್ನೆ ಔತಣದಲ್ಲಿ ಮಾಡಿಯೇಬಿಟ್ಟೆ. ಕಾಗದ ಶಾಯಿ ಎಲ್ಲ ಬೀಗದೊಳಗೆ ಹೋಗಿವೆ. ಇದು ಪೆನ್ಸಿಲ್ ತುಂಡು. ಈ ಪುಸ್ತಕ ಹಾಸಿಗೆಯ ಹೊಟ್ಟೆಯಲ್ಲಿ ಉಳಿದದ್ದು ಪುಣ್ಯ.

ಅಂಗಳದಲ್ಲಿ ನಾನೂರು ಜನ. ಕೆಂಡದ ಗುಂಡಿಯ ಮೇಲೆ ಹನ್ನೆರಡು ಹಂದಿ ಸುಡುತ್ತಿದ್ದವು. ಪೀಚ್ ಬ್ರಾಂದಿ ಪೀಪಾಯಿ ಪೀಪಾಯಿ. ಬೇಲಿಯಾಚೆ ವ್ಯಾಪಾರಿಯ ಗಾಡಿ, ಅದರಲ್ಲಿ ಕೈಗೆ ಸರಪಳಿ ಹಾಕಿ ಪ್ರೈಮಸ್‌ನನ್ನು ಕೂರಿಸಿದ್ದರು; ಬಂದವರೆಲ್ಲ ನೋಡಲಿ ಎಂದು. ಅಪ್ಪ ವೇದಿಕೆಯ ಮೇಲೆ ‘ಸ್ವಾತಂತ್ರ್ಯ’ ಎನ್ನುತ್ತಿದ್ದರು. ಆರನೆಯದೋ ಏಳನೆಯದೋ. ಮೆಟ್ಟಿಲು ಹತ್ತಿ ಪಕ್ಕದಲ್ಲಿ ನಿಂತೆ. ಮಗಳು ಹೂವು ಕೊಡಲು ಬಂದಳೆಂದು ಜನ ಚಪ್ಪಾಳೆ ತಟ್ಟಿದರು.

“ಆ ಚೀಟಿ ಬರೆದಿದ್ದು ನಾನು!” ಎಂದೆ. ದನಿ ಸೀಳಿತು. “ಪ್ರೈಮಸ್ ಅಲ್ಲ. ಅಪ್ಪನಿಗೆ ಗೊತ್ತಿದ್ದೂ ಅವನನ್ನ ಮಾರ್ತಿದ್ದಾರೆ.”

ಹಂದಿಯ ಕೊಬ್ಬು ಕೆಂಡಕ್ಕೆ ತೊಟ್ಟಿಕ್ಕುವ ಸದ್ದು. ಮೇಬ್ರಿಯ ಕಡೆಯವನೊಬ್ಬ ಕೂಗಿದ, “ಬರೆದು ತೋರ್ಸಮ್ಮಾ!” ಭಾಷಣದ ಹಾಳೆಯ ಹಿಂದೆ ಪೆನ್ಸಿಲಿನಲ್ಲಿ ಅಪ್ಪನ ಸಹಿ ಹಾಕಿ ಎತ್ತಿ ಹಿಡಿದೆ. ಮುಂದಿನ ಸಾಲಿನವರು ಕತ್ತು ಚಾಚಿದರು. ಯಾರೋ ಸಿಳ್ಳೆ ಹಾಕಿದರು.

ಆಗ ಅಪ್ಪ ಏನು ಮಾಡಿದರು! ನನ್ನ ಭುಜದ ಸುತ್ತ ಕೈ ಹಾಕಿ ಎದೆಗೊತ್ತಿಕೊಂಡರು. ಕಣ್ಣಲ್ಲಿ ನೀರು, ನಿಜವಾದ ನೀರು.

“ನೋಡಿದ್ರಾ ಮಹಾಜನಗಳೇ! ಒಬ್ಬ ಗುಲಾಮನ ಬೆನ್ನಿಗೋಸ್ಕರ ನನ್ನ ಮಗು ತನ್ನ ಮರ್ಯಾದೆ ಕೊಡೋಕೆ ಬಂದಿದ್ದಾಳೆ. ನಾವು ಕ್ರೂರಿಗಳು ಅಂತಾರಲ್ಲ ಉತ್ತರದ ರಾಜ್ಯಗಳವರು, ಬಂದು ಈ ಹೆಣ್ಣಿನ ಹೃದಯ ನೋಡಲಿ! ಇಂಥ ಮನೆಯಲ್ಲಿ ಆಳುಗಳು ಹೇಗೆ ಬಾಳ್ತಾರೆ ನೀವೇ ಹೇಳಿ! ಏಯ್, ಬಿಚ್ಚಿ ಅವನ ಸರಪಳಿ. ನನ್ನ ಮಗಳು ಕೇಳ್ಕೊಂಡಿದ್ದಾಳೆ.”

ಚಪ್ಪಾಳೆ. ಟೋಪಿಗಳು ಗಾಳಿಯಲ್ಲಿ. ಹೆಂಗಸರು ಕರವಸ್ತ್ರ ತೆಗೆದರು. ನನ್ನ ಕೋಪವನ್ನೇ ಕಸಿದುಕೊಂಡು ಅಲ್ಲೇ ಹುರಿದು ಊರಿಗೆಲ್ಲ ಬಡಿಸಿಬಿಟ್ಟರು.

“ಕೆಜಿಯಾ ನನ್ನ ಅಕ್ಕ” ಎಂದು ಕಿರುಚಿದೆ. “ನಿಮ್ಮ ಮಗಳು!” ಅಪ್ಪ ಆಗಲೇ ಬ್ಯಾಂಡಿನವರಿಗೆ ಕೈ ಬೀಸಿದ್ದರು. ತುತ್ತೂರಿ, ಡೋಲು. ಮುಂದಿನ ಸಾಲಿಗೆ ಕೇಳಿಸಿತು. ಅಮ್ಮನಿಗೆ ಕೇಳಿಸಿತು, ಬೀಸಣಿಗೆ ನಿಲ್ಲಲಿಲ್ಲ. ಉಳಿದವರಿಗೆ ಹಂದಿ ಮಾಂಸ ಬಂತು.

ಆದರೂ ಪ್ರೈಮಸ್ ಗಾಡಿಯಿಂದ ಇಳಿದ. ಮಣಿಕಟ್ಟು ಉಜ್ಜಿಕೊಳ್ಳುತ್ತ ಕಮ್ಮಾರಸಾಲೆಯ ಕಡೆ ನಡೆದ. ವೇದಿಕೆಯ ಕಡೆ ತಿರುಗಿಯೂ ನೋಡಲಿಲ್ಲ. ಯಾಕೆ ನೋಡಬೇಕು?

ಅಕ್ಟೋಬರ್ 5. ಬುಧವಾರ

ಅಪ್ಪ ಗೆದ್ದರು. ಇನ್ನೂರ ಹನ್ನೆರಡು ಮತಗಳ ಅಂತರ. ಔತಣದ ದಿನದ ಭಾಷಣದಿಂದಲೇ ಗೆದ್ದದ್ದು ಎಂದು ಎಲ್ಲರೂ ಹೇಳುತ್ತಿದ್ದಾರಂತೆ. ಗೆಲ್ಲಿಸಿದವಳು ನಾನು!

ನಾಳೆ ನನ್ನನ್ನು ಅಲಬಾಮದ ಚಿಕ್ಕಪ್ಪನ ಮನೆಗೆ ಕಳಿಸುತ್ತಾರೆ. ವಿಶ್ರಾಂತಿಗೆ. ಎಷ್ಟು ದಿನಕ್ಕೆ ಎಂದರೆ ಯಾರೂ ಹೇಳುವುದಿಲ್ಲ. ಅಪ್ಪ ವಾಷಿಂಗ್‌ಟನ್ನಿಗೆ ಹೋಗುವ ಮುನ್ನ ಒಬ್ಬ ಗುಮಾಸ್ತನನ್ನು ಗೊತ್ತುಮಾಡುತ್ತಿದ್ದಾರೆ, ಅಕ್ಷರ ಚೆನ್ನಾಗಿರುವವನನ್ನು.

ಪ್ರೈಮಸ್‌ನನ್ನು? ಚಳಿಗಾಲ ಕಳೆಯಲಿ, ಜನ ಮರೆಯಲಿ, ಆಮೇಲೆ ಮಾರುತ್ತಾರಂತೆ. ಅಮ್ಮ ಹೇಳಿದರು, ಟ್ರಂಕಿಗೆ ನನ್ನ ಬಟ್ಟೆ ಹಾಕುತ್ತ. ಅದನ್ನು ಯಾಕೆ ಹೇಳಿದರೋ.

ಅಕ್ಟೋಬರ್ 6. ಬೆಳಿಗ್ಗೆ

ಕುದುರೆಗಳಿಗೆ ನೀರು ಕುಡಿಸುತ್ತಿದ್ದಾರೆ. ಕೊನೆಯ ಕಾಫಿ ತಂದವಳು ಡಾರ್ಕಸ್. ಕೆಜಿಯಾ ಹೋದಂದಿನಿಂದ ನನ್ನ ಜೊತೆ ಒಂದು ಮಾತಾಡಿರಲಿಲ್ಲ. ಸುದ್ದಿ ಏನಾದರೂ ಬಂತೇ ಎಂದೆ.

“ಬಂದಿದ್ರೂ ಹೇಳಲ್ಲ, ಬರದಿದ್ರೂ ಹೇಳಲ್ಲ.” ಬಾಗಿಲಿಗೆ ಬೆನ್ನು ಕೊಟ್ಟು ನಿಂತಳು. “ನಿಮಗೆ ಕೈಮುಗಿಯೋಕೆ ಬಂದಿಲ್ಲ ಸಣ್ಣಮ್ಮಾವ್ರೇ. ಒಂದು ಕೇಳೋಕೆ ಬಂದೆ. ದೊಡ್ಡಮ್ಮಾವ್ರ ಅಕ್ಷರ ಬರುತ್ತಾ ನಿಮಗೆ?”

ಅಮ್ಮನ ಅಕ್ಷರ. ನಾನು ಮೊದಲು ತಿದ್ದಿದ್ದೇ ಅದು.

“ಬರುತ್ತೆ.”

“ಹಾಗಾದ್ರೆ ರಹದಾರಿ ಚೀಟಿ ಬರೀರಿ. ಧಣಿ ಅಕ್ಷರ ಬೇಡ, ಅದನ್ನೀಗ ಗಸ್ತಿನವ್ರು ಮೂಸಿ ನೋಡ್ತಾರೆ.” ಬಟ್ಟಲನ್ನು ಮುಂದೆ ನೂಕಿದಳು. ಅದರಲ್ಲಿದ್ದದ್ದು ಕಾಫಿಯಲ್ಲ. ಅಕ್ರೋಟಿನ ಸಿಪ್ಪೆ ಕುದಿಸಿದ ಶಾಯಿ. ಲಂಗದ ಮಡಿಕೆಯೊಳಗಿಂದ ಒಂದು ಗರಿ ಲೇಖನಿ.

“ಯಾರ ಹೆಸರಿಗೆ? ಪ್ರೈಮಸ್‌ಗಾ?”

“ಹೆಸರಿನ ಜಾಗ ಖಾಲಿ ಬಿಡಿ. ಊರಿನ ಜಾಗಾನೂ. ನಮ್ಮಲ್ಲೂ ಬರೆಯೋರಿದ್ದಾರೆ. ಸಹಿ ಒಂದು ಸರಿಯಾಗಿದ್ರೆ ಸಾಕು.”

“ಎಷ್ಟು ಬೇಕು?”

“ಗಾಡಿ ಬರೋದ್ರೊಳಗೆ ಎಷ್ಟಾಗುತ್ತೋ ಅಷ್ಟು.”

ಬೇರೆ ಕಾಗದವಿಲ್ಲ. ಈ ಪುಸ್ತಕದಲ್ಲಿ ಹದಿನಾಲ್ಕು ಹಾಳೆ ಖಾಲಿ ಉಳಿದಿವೆ, ಹರಿದು ಡಾರ್ಕಸಳ ಮುಂದೆ ಜೋಡಿಸಿದೆ. ನಡುವೆ ಮಡಿಸಿ ಹರಿದರೆ ಇಪ್ಪತ್ತೆಂಟು ಚೀಟಿ. ಈ ಹಾಳೆಯ ಕೆಳಗಿನ ಅರ್ಧವೂ ಖಾಲಿ. ನಾನು ಬರೆಯುತ್ತ ಕೂತಿರುವುದನ್ನು ಕಂಡು ಅವಳು “ಅದೂ ಆಗುತ್ತಲ್ಲ” ಎನ್ನುತ್ತಿದ್ದಾಳೆ. ಆಗುತ್ತದೆ. ಇಲ್ಲಿಗೇ ಹರಿಯುತ್ತೇ—